ಜೇನು ಪೆಟ್ಟಿಗೆ ಮುಂದೆ ರೆಕ್ಕೆ ಮುರುಟಿದ ಹುಳ ತೆವಳುತ್ತಿವೆ, ಇದು ನುಸಿನಾ? ಏನು ಮಾಡಲಿ?

ಎರಿಹೊಲ | ಮಾರ್ಚ್ 4

ನಮಸ್ಕಾರ. ಜೇನು ಸಾಕಲು ಶುರು ಮಾಡಿ ನಾಲ್ಕು ತಿಂಗಳಾಯಿತು, ಅಷ್ಟೇ. ಊರು ಲಕ್ಷ್ಮೇಶ್ವರದ ಹತ್ತಿರ. ಎರಿ ಭೂಮಿ, ಹಿಂಗಾರಿಗೆ ಕುಸುಬಿ, ಕಡಲೆ, ಬಿಳಿಜೋಳ. ನವೆಂಬರಿನಲ್ಲಿ ಐದು ಮೆಲ್ಲಿಫೆರಾ (ಹೊರದೇಶದ ಜೇನು) ಪೆಟ್ಟಿಗೆ ತಂದು ಬದುವಿನ ಬೇವಿನ ಗಿಡದ ಕೆಳಗೆ ಇಟ್ಟೆ. ಕುಸುಬಿ ಹೂವಿದ್ದಾಗ ಚೆನ್ನಾಗಿ ಓಡಾಡಿಕೊಂಡಿದ್ದವು. ಹನ್ನೊಂದು ಕೆಜಿ ಜೇನುತುಪ್ಪ ಬಂತು. ಬೀಗರಿಗೆ, ಓಣಿಯವರಿಗೆ ಹಂಚಿ ಖಾಲಿಯೂ ಆಯಿತು.

ಈಗ ಹದಿನೈದು ದಿನದಿಂದ ಮೂರನೇ ಪೆಟ್ಟಿಗೆ ಮುಂದೆ ಹುಳ ನೆಲದ ಮೇಲೆ ತೆವಳುತ್ತಿವೆ. ಹಾರಲು ನೋಡುತ್ತವೆ, ಆಗುವುದಿಲ್ಲ. ಕೈಯಲ್ಲಿ ಹಿಡಿದು ನೋಡಿದೆ. ರೆಕ್ಕೆ ಒಣಗಿದ ಸೊಪ್ಪಿನ ಹಾಗೆ ಮುರುಟಿದೆ, ಹೊಟ್ಟೆಯೂ ಗಿಡ್ಡ. ಬೆಳಿಗ್ಗೆ ನಮ್ಮ ಕೋಳಿಗಳು ಬಂದು ಆರಿಸಿ ತಿನ್ನುತ್ತವೆ. ಅವಕ್ಕೆ ಹಬ್ಬ. ಪೆಟ್ಟಿಗೆಯೊಳಗಿನ ಎರಿ (ಮೇಣದ ಹಲ್ಲೆ) ತೆಗೆದು ನೋಡಿದರೆ ಮುಚ್ಚಿದ ಮರಿ ಅಲ್ಲೊಂದು ಇಲ್ಲೊಂದು, ನಡುವೆ ಖಾಲಿ ಕೋಣೆ. ಒಂದು ಹುಳದ ಬೆನ್ನ ಮೇಲೆ ಕೆಂಪು ಚುಕ್ಕೆ ಥರ ಏನೋ ಇತ್ತು. ಮೊಬೈಲ್ ತೆಗೆಯುವಷ್ಟರಲ್ಲಿ ಆ ಹುಳ ಮಾಯ.

ಪೆಟ್ಟಿಗೆ ಕೊಟ್ಟವರಿಗೆ ಫೋನ್ ಮಾಡಿದೆ. ಹತ್ತಿಗೆ ಹೊಡೆಯುವ ಒಂದು ಔಷಧಿ ಹೆಸರು ಹೇಳಿ, ಅದರಲ್ಲಿ ರಟ್ಟು ಅದ್ದಿ ಎರಿಗಳ ನಡುವೆ ತೂಗುಹಾಕು, ಎಲ್ಲ ಸರಿ ಹೋಗುತ್ತದೆ ಅಂದರು. ಔಷಧಿ ತಂದಿದ್ದೇನೆ, ಇನ್ನೂ ಹಾಕಿಲ್ಲ. ಯಾಕೋ ಮನಸ್ಸು ಒಪ್ಪುತ್ತಿಲ್ಲ. ಹಾಕಲಾ ಬೇಡವಾ? ಇಲ್ಲಿ ಮಧ್ಯಾಹ್ನ ಆಗಲೇ 36 ಡಿಗ್ರಿ ದಾಟುತ್ತಿದೆ, ಅದೂ ಲೆಕ್ಕಕ್ಕೆ ಬರುತ್ತದಾ ಗೊತ್ತಿಲ್ಲ.

ತುಡುವೆ ಕಾಕಾ | ಮಾರ್ಚ್ 4

ಕಲಘಟಗಿ ಕಡೆಯವನು ನಾನು. ಒಂದೇ ಮಾತು: ಮೆಲ್ಲಿಫೆರಾ ಬಿಡಿ, ನಮ್ಮ ನಾಡಿನ ಜೇನು ತುಡುವೆ ಇಡಿ. ನಮ್ಮ ತುಡುವೆಗೆ ಈ ನುಸಿಯ ಕಾಟ ಹತ್ತುವುದಿಲ್ಲ. ಒಂದರ ಮೈ ಇನ್ನೊಂದು ಆರಿಸಿ ನುಸಿ ಹಿಡಿದು ಕಚ್ಚಿ ಒಗೆಯುತ್ತವೆ. ಮೂವತ್ತು ವರ್ಷದಲ್ಲಿ ನುಸಿಗೆ ಅಂತ ಒಂದು ರೂಪಾಯಿ ಖರ್ಚು ಮಾಡಿಲ್ಲ.

ಆ ರಟ್ಟು ಮಾತ್ರ ಹಾಕಬೇಡಿ.

ಹಾನಗಲ್ಲ ಪೆಟ್ಟಿಗೆ | ಮಾರ್ಚ್ 4

ತಮ್ಮಾ, ಆ ಬಾಟಲಿ ಹೊಲದ ಕೋಣೆಯಲ್ಲೇ ಇರಲಿ. ಬೆಳೆಗೆ ಹೊಡೆಯುವ ಔಷಧಿಯಲ್ಲಿ ಅದ್ದಿದ ರಟ್ಟಿನಿಂದ ಹುಳಕ್ಕೆ ಎಷ್ಟು ಹೋಗುತ್ತದೆ ಅಂತ ಯಾರಿಗೂ ಅಳತೆ ಇಲ್ಲ. ಅದು ಮೇಣಕ್ಕೆ ಸೇರಿದರೆ ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ, ಅದೇ ಎರಿಯಲ್ಲಿ ನೀನು ಮುಂದಿನ ಸಲ ತುಪ್ಪ ತೆಗೆಯುತ್ತೀಯ. ಇನ್ನೊಂದು ತೊಂದರೆ, ಅರೆಬರೆ ಪ್ರಮಾಣದಲ್ಲಿ ಔಷಧಿ ಕಂಡ ನುಸಿ ಅದಕ್ಕೆ ಪಳಗಿಬಿಡುತ್ತದೆ. ಆಮೇಲೆ ನುಸಿಗೆಂದೇ ಮಾಡಿದ ಸರಿಯಾದ ಫ್ಲುವಲಿನೇಟ್ ಔಷಧಿ ಪಟ್ಟಿ ಹಾಕಿದರೂ ಕೇರ್ ಮಾಡುವುದಿಲ್ಲ.

ನೀನು ಹೇಳಿದ ಲಕ್ಷಣ ಎಲ್ಲ ನುಸಿಯದ್ದೇ. ಆದರೆ ನನ್ನ ಮಾತನ್ನೂ ನಂಬಬೇಡ, ಎಣಿಸು. ಎಣಿಸದೆ ಮದ್ದು ಹಾಕುವುದೂ ತಪ್ಪು, ಎಣಿಸದೆ ಸುಮ್ನೆ ಕೂರುವುದೂ ತಪ್ಪು. ನಾನು ಎರಡೂ ಮಾಡಿದವನು, ಅದಕ್ಕೇ ಹೇಳುತ್ತಿದ್ದೇನೆ.

ಎಣಿಸುವುದು ಹೀಗೆ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ ತಗೋ, ಉಪ್ಪಿನಕಾಯಿ ಡಬ್ಬಿ ಆದೀತು. ಮುಚ್ಚಳದ ನಡುಭಾಗ ಕೊರೆದು ಜಾಳಿಗೆ ಕೂರಿಸು. ಸಕ್ಕರೆ ಮಿಕ್ಸರಿನಲ್ಲಿ ಹಿಟ್ಟಿನ ಹಾಗೆ ಪುಡಿ ಮಾಡಿಕೋ. ಪೆಟ್ಟಿಗೆ ತೆರೆದು ಮರಿ ಇರುವ ಎರಿ ಒಂದನ್ನು ಎತ್ತು. ಮೊದಲು ರಾಣಿ ಅದರ ಮೇಲೆ ಇಲ್ಲ ಅಂತ ಎರಡೂ ಮಗ್ಗಲು ನೋಡು, ಮತ್ತೊಮ್ಮೆ ನೋಡು. ಆಮೇಲೆ ಆ ಹುಳಗಳನ್ನು ಅಗಲ ಬುಟ್ಟಿಗೆ ಜಾಡಿಸಿ, ಅರ್ಧ ಕಪ್ಪಿನಷ್ಟು ಹುಳ ಡಬ್ಬಿಗೆ ಸುರಿ. ಕೆಮ್ಮಿನ ಔಷಧಿ ಜೊತೆ ಬರುವ ಸಣ್ಣ ಅಳತೆ ಕಪ್ಪಿನಲ್ಲಿ ನೀರು ಅಳೆದು, ಡಬ್ಬಿಯ ಹೊರಗೆ ಸುಮಾರು 120 ಮಿಲಿಗೆ ಮೊದಲೇ ಗೆರೆ ಹಾಕಿಟ್ಟುಕೋ. ಆ ಗೆರೆವರೆಗೆ ಹೆಚ್ಚುಕಡಿಮೆ 300 ಹುಳ ಹಿಡಿಯುತ್ತವೆ. ಒಮ್ಮೆ ಬೇರೆ ಕಾರಣಕ್ಕೆ ಸತ್ತ ಹುಳ ಇದ್ದವು, ಕೂತು ಎಣಿಸಿದೆ, 310 ಇದ್ದವು.

ಎರಡು ದೊಡ್ಡ ಚಮಚ ಸಕ್ಕರೆ ಪುಡಿ ಜಾಳಿಗೆ ಮೇಲಿಂದ ಹಾಕಿ ಡಬ್ಬಿಯನ್ನು ಮೆಲ್ಲಗೆ ಉರುಳಿಸು. ಒಂದು ನಿಮಿಷ ಉರುಳಿಸಿ ಎರಡು ಮೂರು ನಿಮಿಷ ನೆರಳಿನಲ್ಲಿ ಇಡು. ಹುಳ ಎಲ್ಲ ಬೂದಿ ಬಡಿದುಕೊಂಡ ಜಂಗಮರ ಹಾಗೆ ಬೆಳ್ಳಗೆ ಕಾಣುತ್ತವೆ. ಪುಡಿ ಮೈಗೆ ಮೆತ್ತಿದ ಮೇಲೆ ನುಸಿಗೆ ಹಿಡಿತ ತಪ್ಪುತ್ತದೆ. ಆಮೇಲೆ ಡಬ್ಬಿ ಬೋರಲು ಹಿಡಿದು, ಬಿಳಿ ತಾಟಿನ ಮೇಲೆ ಒಂದು ನಿಮಿಷ ಜೋರಾಗಿ ಅಲ್ಲಾಡಿಸು. ತಾಟಿಗೆ ಸ್ವಲ್ಪ ನೀರು ಚಿಮುಕಿಸಿದರೆ ಸಕ್ಕರೆ ಕರಗುತ್ತದೆ, ಕೆಂಪು ನುಸಿ ಮಾತ್ರ ಉಳಿಯುತ್ತದೆ. ಎಣಿಸಿ ಮೂರರಿಂದ ಭಾಗಿಸು, ನೂರು ಹುಳಕ್ಕೆ ಎಷ್ಟು ಅಂತ ಸಿಗುತ್ತದೆ. ಹುಳಗಳನ್ನು ವಾಪಸ್ ಪೆಟ್ಟಿಗೆ ಬಾಗಿಲಿಗೆ ಸುರಿ. ಅಕ್ಕತಂಗಿಯರು ಸಕ್ಕರೆ ನೆಕ್ಕಿ ಒಳಗೆ ಕರೆದುಕೊಳ್ಳುತ್ತವೆ. ನೂರಕ್ಕೆ ಮೂರು ದಾಟಿದರೆ ಕೈ ಕಟ್ಟಿ ಕೂರುವ ಹಾಗಿಲ್ಲ.

ಜಾಳಿಗೆ ವಿಷಯ ಒತ್ತಿ ಹೇಳುತ್ತೇನೆ, ಯಾಕೆಂದರೆ ನಾನು ಕೆಟ್ಟದ್ದು ಅಲ್ಲೇ. 2016ರಲ್ಲಿ ಮೊದಲ ಸಲ ಈ ಸಕ್ಕರೆ ಲೆಕ್ಕ ಮಾಡಿದೆ. ಮನೆಯಲ್ಲಿ ಕಿಟಕಿಗೆ ಹಾಕಿ ಉಳಿದಿದ್ದ ಸೊಳ್ಳೆ ಪರದೆ ಮುಚ್ಚಳಕ್ಕೆ ಅಂಟಿಸಿದ್ದೆ. ಹದಿನಾಲ್ಕು ಪೆಟ್ಟಿಗೆ ಅಲ್ಲಾಡಿಸಿದೆ, ಹದಿನಾಲ್ಕರಲ್ಲೂ ಸೊನ್ನೆ. ಊರೆಲ್ಲ ಹೇಳಿಕೊಂಡು ಬಂದೆ, ನನ್ನ ಪೆಟ್ಟಿಗೆಯಲ್ಲಿ ನುಸಿ ಇಲ್ಲ ಅಂತ. ನುಸಿ ಒಂದೂವರೆ ಮಿಲಿಮೀಟರ್ ಅಗಲ ಇರುತ್ತದೆ, ಆ ಪರದೆಯ ಕಣ್ಣು ಅದಕ್ಕಿಂತ ಸಣ್ಣದು. ಸಕ್ಕರೆ ಬಿತ್ತು, ನುಸಿ ಎಲ್ಲ ಡಬ್ಬಿಯೊಳಗೇ ಉಳಿಯಿತು. ಮಳೆಗಾಲ ಮುಗಿಯುವುದರೊಳಗೆ ಒಂಬತ್ತು ಪೆಟ್ಟಿಗೆ ಖಾಲಿ. ಕೊನೆಗೆ ಜಾಳಿಗೆ ಕಿತ್ತು ನೋಡಿದಾಗ ಅದರ ಒಳ ಮಗ್ಗಲಿಗೆ ಎರಡು ಒಣಗಿದ ನುಸಿ ಅಂಟಿಕೊಂಡಿದ್ದವು. ಇವತ್ತಿಗೂ ಅದು ಕಣ್ಣ ಮುಂದೆ ಇದೆ.

ಜೋಳ ಹಸನು ಮಾಡುವ ಸಾಣಿಗೆ ಇರುತ್ತದಲ್ಲ ಮನೆಯಲ್ಲಿ, ಆ ಅಳತೆಯ ಕಣ್ಣು ಬೇಕು. ಸುಮಾರು ಮೂರು ಮಿಲಿಮೀಟರ್. ಹುಳ ದಾಟುವುದಿಲ್ಲ, ನುಸಿ ದಾಟುತ್ತದೆ.

ಕೀಟಪುರಾಣ | ಮಾರ್ಚ್ 5

ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರ ಓದಿದವಳು. ಈಗ ಕೆಲಸ ಬೇರೆ, ಆದರೂ ಜೇನು ಅಂದರೆ ಸುಮ್ಮನಿರಲು ಆಗುವುದಿಲ್ಲ. ಹಾನಗಲ್ಲದವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಮ್ಮ ಕಡೆ ನುಸಿ ಒಂದಲ್ಲ, ಎರಡು. ಯಾವುದು ಅಂತ ತಿಳಿಯದೆ ಮುಂದೆ ಹೋಗಬೇಡಿ.

ಒಂದು ವರೋವಾ. ಏಡಿ ಹಾಗೆ, ಉದ್ದಕ್ಕಿಂತ ಅಗಲ ಜಾಸ್ತಿ. ಸಾಸಿವೆ ಕಾಳನ್ನು ಬೆರಳಿನಿಂದ ಒತ್ತಿ ಚಪ್ಪಟೆ ಮಾಡಿದರೆ ಹೇಗೋ ಹಾಗೆ, ಕೆಂಗಂದು ಬಣ್ಣ. ನಿಧಾನ. ಹುಳದ ಹೊಟ್ಟೆ ಅಡಿಯ ಪದರಗಳ ಸಂದಿಯಲ್ಲಿ ನುಸುಳಿ ಕೂರುತ್ತದೆ, ಅದಕ್ಕೇ ಮೇಲಿನಿಂದ ನೋಡಿದರೆ ಕಾಣುವುದಿಲ್ಲ. ನಿಮಗೆ ಬೆನ್ನ ಮೇಲೆ ಒಂದು ಕಂಡಿತು ಅಂದರೆ ಒಳಗೆ ಎಷ್ಟಿರಬಹುದು ಯೋಚಿಸಿ. ಅದು ರಕ್ತ ಹೀರುತ್ತದೆ ಅಂತ ಮೊದಲು ಎಲ್ಲರೂ ಅಂದುಕೊಂಡಿದ್ದರು. 2019ರಲ್ಲಿ ಬಂದ ಸಂಶೋಧನೆ ಪ್ರಕಾರ ಹುಳದ ಮೈಯೊಳಗಿನ ಕೊಬ್ಬಿನ ಭಾಗವೇ ಅದರ ಮುಖ್ಯ ಊಟ.

ಇನ್ನೊಂದು ಟ್ರೊಪಿಲೇಲಾಪ್ಸ್. ಇದು ಹೆಜ್ಜೇನಿನ ನುಸಿ. ನೀರಿನ ಟ್ಯಾಂಕಿಗೆ, ಆಲದ ಮರಕ್ಕೆ ಹೆಜ್ಜೇನು ಕಟ್ಟಿರುತ್ತದಲ್ಲ, ಅಲ್ಲಿಂದ ಮೆಲ್ಲಿಫೆರಾಗೆ ದಾಟಿದೆ. ಒಂದು ಮಿಲಿಮೀಟರಿಗಿಂತ ಸಣ್ಣದು, ಸಪೂರ, ಎರಿ ಮೇಲೆ ಸರಸರ ಓಡುತ್ತದೆ. ಸಕ್ಕರೆ ಲೆಕ್ಕದಲ್ಲಿ ಇದು ಸರಿಯಾಗಿ ಸಿಗುವುದಿಲ್ಲ, ಯಾಕೆಂದರೆ ದೊಡ್ಡ ಹುಳದ ಮೇಲೆ ಇದು ಜಾಸ್ತಿ ಹೊತ್ತು ಇರುವುದಿಲ್ಲ, ಮರಿ ಕೋಣೆಯೇ ಇದರ ಮನೆ. ಇದಕ್ಕೆ ಹುಳ ಜಾಡಿಸಿದ ಎರಿಯನ್ನು ಬಿಳಿ ಟ್ರೇ ಮೇಲೆ ಅಡ್ಡ ಹಿಡಿದು ಎರಡು ಸಲ ಗಟ್ಟಿಯಾಗಿ ತಟ್ಟಿ. ಓಡುವ ಚುಕ್ಕೆ ಕಂಡರೆ ಅದೇ. ಜೊತೆಗೆ ಹತ್ತಿಪ್ಪತ್ತು ಮುಚ್ಚಿದ ಕೋಣೆಗಳನ್ನು, ಮುಖ್ಯವಾಗಿ ಗಂಡು ಮರಿಯ ಉಬ್ಬಿದ ಕೋಣೆಗಳನ್ನು, ಫೋರ್ಕಿನಿಂದ ಎತ್ತಿ ನೋಡಿ. ಬೆಳ್ಳನೆಯ ಮರಿ ಮೈಮೇಲೆ ಕೆಂಪು ನುಸಿ ಢಾಳಾಗಿ ಕಾಣುತ್ತದೆ. ಕೋಣೆಯ ಗೋಡೆಗೆ ಸುಣ್ಣದ ಚುಕ್ಕೆ ಥರ ಬಿಳಿ ಇದ್ದರೆ ಅದು ವರೋವಾದ ಹೇಲು.

ಗಂಡು ಕೋಣೆ ಯಾಕೆ ಅಂದರೆ, ವರೋವಾ ತಾಯಿ ಮುಚ್ಚಳ ಬೀಳುವ ಸ್ವಲ್ಪ ಮುಂಚೆ ಕೋಣೆಗೆ ಇಳಿದು ಮರಿಯ ಊಟದ ತಳದಲ್ಲಿ ಅಡಗಿ ಕೂರುತ್ತದೆ. ಮುಚ್ಚಿ ಎರಡೂವರೆ ಮೂರು ದಿನಕ್ಕೆ ಮೊದಲ ಮೊಟ್ಟೆ, ಅದು ಗಂಡು. ಆಮೇಲೆ ಸುಮಾರು 30 ಗಂಟೆಗೆ ಒಂದರಂತೆ ಹೆಣ್ಣು. ಕೆಲಸದ ಹುಳದ ಕೋಣೆ ಸುಮಾರು 12 ದಿನ ಮುಚ್ಚಿರುತ್ತದೆ, ಗಂಡಿನದ್ದು ಇನ್ನೂ ಎರಡು ಮೂರು ದಿನ ಜಾಸ್ತಿ. ಆ ಎರಡು ದಿನದಲ್ಲಿ ಇನ್ನೊಂದು ಮಗಳು ಬೆಳೆದು ನಿಲ್ಲುತ್ತಾಳೆ. ಅಣ್ಣ ತಂಗಿಯರಿಗೆ ಆ ಕೋಣೆಯೊಳಗೇ ಕೂಡಿಕೆ, ಅಣ್ಣ ಅಲ್ಲೇ ಸಾಯುತ್ತಾನೆ. ಕೇಳಲು ಅಸಹ್ಯ, ಆದರೆ ಲೆಕ್ಕ ಹಾಕಿ ನೋಡಿದರೆ ಭಯ ಆಗುತ್ತದೆ.

ರೆಕ್ಕೆ ಮುರುಟುವುದು ನೇರವಾಗಿ ನುಸಿಯಿಂದಲ್ಲ. ನುಸಿ ದಾಟಿಸುವ ವೈರಸ್‌ನಿಂದ. ಆ ವೈರಸ್‌ಗೆ ಮದ್ದಿಲ್ಲ. ನುಸಿ ಇಳಿದರೆ ಅದೂ ಇಳಿಯುತ್ತದೆ.

ತುಡುವೆ ಕಾಕಾ, ನೀವು ಹೇಳಿದ್ದು ನಿಜ. ವರೋವಾ ಮೊದಲಿನಿಂದ ತುಡುವೆಯದ್ದೇ ನುಸಿ, ಅಲ್ಲಿ ಗಂಡು ಮರಿಯಲ್ಲಿ ಮಾತ್ರ ಮರಿ ಹಾಕುತ್ತದೆ, ಹಾಗಾಗಿ ಹದ್ದಿನಲ್ಲಿ ಇರುತ್ತದೆ. 1960ರ ದಶಕದಲ್ಲಿ ಮೆಲ್ಲಿಫೆರಾ ನಮ್ಮ ದೇಶದಲ್ಲಿ ನೆಲೆಯಾಯಿತು. ಅದಕ್ಕೆ ಈ ನುಸಿ ಜೊತೆ ಬಾಳಿ ಅಭ್ಯಾಸ ಇಲ್ಲ. ಆದರೆ ತುಡುವೆ ಸುಖವಾಗಿದೆ ಅನ್ನಬೇಡಿ. 1991-92ರ ಥಾಯ್ ಸ್ಯಾಕ್‌ಬ್ರೂಡ್ ಮರಿ ರೋಗ ಮರೆತಿರಾ?

ತುಡುವೆ ಕಾಕಾ | ಮಾರ್ಚ್ 5

ಮರೆಯುವುದು ಹೇಗೆ ತಂಗಿ. ಆಗ ನಮ್ಮ ತಂದೆ ಹತ್ತಿರ 22 ಪೆಟ್ಟಿಗೆ. ಮರಿ ಎಲ್ಲ ನೀರು ತುಂಬಿದ ಚೀಲದ ಹಾಗಾಗಿ ತಲೆ ಮೇಲೆತ್ತಿ ಸತ್ತವು. ಒಂದು ಉಳಿಯಿತು. ಮುಂದೆ ಎಷ್ಟೋ ವರ್ಷ ಖಾಲಿ ಪೆಟ್ಟಿಗೆಯಲ್ಲಿ ಅವ್ವ ಬೆಳ್ಳುಳ್ಳಿ ಇಡುತ್ತಿದ್ದಳು. ಆಯಿತು, ಮಾತು ಹಿಂದಕ್ಕೆ ತಗೊಂಡೆ. ಹುಡುಗ ತಂದಾಗಿದೆ, ಈಗ ಅವನ ಹುಳ ಉಳಿಸೋಣ.

ಎರಿಹೊಲ | ಮಾರ್ಚ್ 7

ಅಣ್ಣಾ, ಅಕ್ಕಾ, ಎಣಿಸಿದೆ. ಅವ್ವನ ಜೋಳದ ಸಾಣಿಗೆಯ ಜಾಳಿಗೆ ಕತ್ತರಿಸಿಬಿಟ್ಟೆ, ಅದರ ಕಥೆ ಆಮೇಲೆ ಹೇಳುತ್ತೇನೆ.

ಒಂದನೇ ಪೆಟ್ಟಿಗೆ 3. ಎರಡನೆಯದು 5. ಮೂರನೆಯದು 26. ನಾಲ್ಕನೆಯದು 14. ಐದು, 6. ಎಲ್ಲ 300 ಹುಳಕ್ಕೆ.

ಮೂರನೇ ಪೆಟ್ಟಿಗೆ ತಾಟು ನೋಡಿ ಕೂತುಬಿಟ್ಟೆ. ಸಕ್ಕರೆ ನೀರಿನಲ್ಲಿ ಅವು ಕಾಲು ಆಡಿಸುತ್ತಿದ್ದವು. ನಾಲ್ಕನೆಯದರಲ್ಲಿ ಎರಿ ತಟ್ಟಿದಾಗ ಓಡುವ ಸಣ್ಣ ಚುಕ್ಕೆ ಏಳು ಕಂಡವು. ಅಂದರೆ ಅಲ್ಲಿ ಎರಡೂ ಇವೆ ಅಲ್ವಾ? ಗಂಡು ಕೋಣೆ ಬಿಚ್ಚಿದಾಗ ಒಂದರಲ್ಲೇ ನಾಲ್ಕು ನುಸಿ ಇದ್ದವು.

ಈಗ ಫಾರ್ಮಿಕ್ ಆಸಿಡ್ ಹಾಕಲಾ? ಯೂಟ್ಯೂಬಿನಲ್ಲಿ ಸಣ್ಣ ಬಾಟಲಿಯಲ್ಲಿ ಹತ್ತಿ ಇಟ್ಟು ಮಾಡುವುದು ನೋಡಿದೆ.

ಹಾನಗಲ್ಲ ಪೆಟ್ಟಿಗೆ | ಮಾರ್ಚ್ 7

ಫಾರ್ಮಿಕ್ ಒಳ್ಳೆಯ ಮದ್ದೇ. ಮುಚ್ಚಿದ ಕೋಣೆಯೊಳಗಿನ ನುಸಿಯನ್ನೂ ಮುಟ್ಟುವ ಮದ್ದು ಅದೊಂದೇ ಅನ್ನಬಹುದು. ನಮ್ಮ ದೇಶದಲ್ಲಿ 85 ಶೇಕಡಾದ್ದು ದಿನಕ್ಕೆ 5 ಮಿಲಿ, ಸಣ್ಣ ಗಾಜಿನ ಶೀಶೆಯಲ್ಲಿ ಹತ್ತಿ ಬತ್ತಿ ಇಟ್ಟು, 15 ದಿನ ಅಂತ ಹೇಳಿಕೊಡುತ್ತಾರೆ. ಡಿಸೆಂಬರಿನಲ್ಲಾದರೆ ನಾನೇ ಹಾಕು ಅನ್ನುತ್ತಿದ್ದೆ. ಈಗ ಲಕ್ಷ್ಮೇಶ್ವರದ ಬಿಸಿಲಿನಲ್ಲಿ ಬೇಡ. 30 ಡಿಗ್ರಿ ಮೇಲೆ ಹೋದರೆ ಅದು ಒಮ್ಮೆಲೆ ಆವಿಯಾಗುತ್ತದೆ.

ಒಂದು ಏಪ್ರಿಲಿನಲ್ಲಿ ನಾನು ಬೆಳಿಗ್ಗೆ ಹನ್ನೊಂದಕ್ಕೆ ಶೀಶೆ ಇಟ್ಟು ಸಂತೆಗೆ ಹೋದೆ. ಸಂಜೆ ಬಂದು ನೋಡಿದರೆ ಹುಳ ಎಲ್ಲ ಪೆಟ್ಟಿಗೆ ಹೊರಗೆ ಗಡ್ಡದ ಹಾಗೆ ಜೋತುಬಿದ್ದಿವೆ, ಬಾಗಿಲಲ್ಲಿ ಬೆಳ್ಳನೆಯ ಮರಿಗಳನ್ನು ಎಳೆದು ಹಾಕಿವೆ. ಎರಡು ರಾಣಿ ಹೋದವು. ನನ್ನ ಎಡಗೈ ಹೆಬ್ಬೆರಳಿನ ಉಗುರಿನ ಪಕ್ಕ ಈಗಲೂ ಕಲೆ ಇದೆ, ಗ್ಲೌಸ್ ತೂತಾಗಿದ್ದು ನೋಡಿರಲಿಲ್ಲ.

ನಿನಗೆ ಈಗ ಬೇರೆ ಅನುಕೂಲ ಒಂದಿದೆ. ಕುಸುಬಿ ಮುಗಿದಿದೆ, ತುಪ್ಪ ಬರುವ ಕಾಲ ಅಲ್ಲ. ಹೇಗೂ ಹೂವಿಲ್ಲದ ಈ ಎರಡು ತಿಂಗಳು ರಾಣಿ ಮೊಟ್ಟೆ ಕಡಿಮೆ ಮಾಡುತ್ತಾಳೆ. ಆ ಕೆಲಸ ಪೂರ್ತಿ ನಿಲ್ಲಿಸಿಬಿಡು. ರಾಣಿಯನ್ನು ಪಂಜರದಲ್ಲಿ ಹಾಕಿ ನಡುವಿನ ಎರಡು ಎರಿಗಳ ನಡುವೆ 24 ದಿನ ತೂಗುಹಾಕು. ಕೆಲಸದ ಹುಳ ಪಂಜರದ ಸಂದಿಯಿಂದ ಅವಳಿಗೆ ಉಣಿಸುತ್ತವೆ. ಕೆಲಸದ ಮರಿ 21 ದಿನಕ್ಕೆ, ಗಂಡು ಮರಿ 24ಕ್ಕೆ ಹೊರಬರುತ್ತವೆ. 24ನೇ ದಿನ ಪೆಟ್ಟಿಗೆಯಲ್ಲಿ ಮುಚ್ಚಿದ ಕೋಣೆ ಒಂದೂ ಇರುವುದಿಲ್ಲ. ಓಡುವ ನುಸಿ ಅಷ್ಟರಲ್ಲಿ ಹಸಿದು ಸತ್ತಿರುತ್ತದೆ, ಮರಿ ಇಲ್ಲದೆ ಅದು ಕೆಲವು ದಿನ ಬದುಕಿದರೆ ಹೆಚ್ಚು. ವರೋವಾ ಎಲ್ಲ ಹುಳದ ಮೈಮೇಲೆ ಬಂದಿರುತ್ತದೆ, ಅಡಗಲು ಜಾಗ ಇಲ್ಲ. ಆಗ ಒಂದೇ ಒಂದು ಸಲ ಆಕ್ಸಾಲಿಕ್ ಆಸಿಡ್ ಪಾಕ ಸುರಿದರೆ ಕೆಲಸ ಆಯಿತು.

ಪಾಕದ ಅಳತೆ: ಅರ್ಧ ಸಕ್ಕರೆ ಅರ್ಧ ನೀರಿನ ಪಾಕ ಒಂದು ಲೀಟರಿಗೆ 35 ಗ್ರಾಂ. ನಿನಗೆ ಎರಡು ಪೆಟ್ಟಿಗೆಗೆ 100 ಮಿಲಿ ಸಾಕು, ಅಂದರೆ ಮೂರೂವರೆ ಗ್ರಾಂ. ಅಡುಗೆಮನೆ ತಕ್ಕಡಿಯಲ್ಲಿ ಮೂರೂವರೆ ಗ್ರಾಂ ತೂಗಲು ಆಗುವುದಿಲ್ಲ. ಅಕ್ಕಸಾಲಿಗರ ಹತ್ತಿರ ಹೋಗಿ ತೂಗಿಸಿಕೊಂಡು ಬಾ, ನಾನು ಹಾಗೇ ಮಾಡುವುದು. ನಮ್ಮೂರ ಅಕ್ಕಸಾಲಿಗರು ಮೊದಲ ಸಲ ನನ್ನ ಮುಖವನ್ನೇ ನೋಡಿದರು. ಸಿರಿಂಜಿನಲ್ಲಿ ಎಳೆದು, ಹುಳ ತುಂಬಿದ ಪ್ರತಿ ಸಂದಿಗೆ 5 ಮಿಲಿ. ಒಂದು ಪೆಟ್ಟಿಗೆಗೆ 50 ಮಿಲಿ ದಾಟಬೇಡ. ಬೆಳಿಗ್ಗೆ ತಂಪಿನಲ್ಲಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ತುಪ್ಪದ ಸೂಪರ್ (ಮೇಲಿನ ಅಂತಸ್ತು) ಇದ್ದರೆ ಮೊದಲು ಇಳಿಸಿಡು. ಇನ್ನೊಮ್ಮೆ ಹಾಕಿದರೆ ಇನ್ನೂ ಒಳ್ಳೆಯದಲ್ವಾ ಅಂತ ಹಾಕಬೇಡ, ಹುಳಕ್ಕೇ ಪೆಟ್ಟು.

ಪಂಜರಕ್ಕೆ ಹಾಕಿ ಆರನೇ ದಿನ ಎಲ್ಲ ಎರಿ ತೆಗೆದು ನೋಡು. ರಾಣಿ ಮೊಟ್ಟೆ ಇಡುತ್ತಿಲ್ಲ ಅಂತ ಹುಳಗಳು ಹೊಸ ರಾಣಿ ಕೋಣೆ ಕಟ್ಟಲು ಶುರು ಮಾಡಿರುತ್ತವೆ. ಶೇಂಗಾ ಕಾಯಿ ಹಾಗೆ ಕೆಳಗೆ ಜೋತಿರುತ್ತದೆ. ಕಿತ್ತು ಹಾಕು.

1, 2, 5ನೇ ಪೆಟ್ಟಿಗೆ ಸದ್ಯ ಮುಟ್ಟಬೇಡ. ಗಂಡು ಮರಿ ಇರುವ ಎರಿ ತುಂಡು ಕತ್ತರಿಸಿ ಕೋಳಿಗೆ ಹಾಕು, ಅಷ್ಟು ಸಾಕು.

ಕೀಟಪುರಾಣ | ಮಾರ್ಚ್ 8

ಇಲ್ಲಿ ನಾನು ಒಪ್ಪುವುದಿಲ್ಲ. ಐದೂ ಪೆಟ್ಟಿಗೆ ಒಂದೇ ಬೇವಿನ ಗಿಡದ ಕೆಳಗಿವೆ. ಹುಳ ದಾರಿ ತಪ್ಪಿ ಪಕ್ಕದ ಪೆಟ್ಟಿಗೆಗೆ ಹೋಗುತ್ತದೆ. ಮೂರನೆಯದು ಸೊರಗಿದರೆ ಉಳಿದವು ಅದನ್ನು ಲೂಟಿ ಮಾಡಿ ತುಪ್ಪದ ಜೊತೆ ನುಸಿಯನ್ನೂ ಹೊತ್ತು ತರುತ್ತವೆ. ಎರಡಕ್ಕೆ ಮದ್ದು ಮಾಡಿ ಮೂರನ್ನು ಬಿಟ್ಟರೆ ಜೂನ್ ಹೊತ್ತಿಗೆ ಮತ್ತೆ ಅದೇ ಲೆಕ್ಕ. ಮಾಡಿದರೆ ಐದಕ್ಕೂ ಒಟ್ಟಿಗೆ ಮಾಡಬೇಕು.

ಹೊಲದಲ್ಲಿ ಸಾಲಾಗಿ ಇಟ್ಟಿದ್ದರೆ ಬಾಗಿಲುಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ, ಮುಂದೆ ಬೇರೆ ಬಣ್ಣ ಬಳಿಯಿರಿ. ಸಕ್ಕರೆ ಪಾಕ ಕೊಡುವುದು ಸಂಜೆಯೇ, ಒಂದು ಹನಿಯೂ ಹೊರಗೆ ಚೆಲ್ಲದ ಹಾಗೆ.

ಒಂದು ಎರಿ ತುಂಡು, ನುಸಿ ಸಮೇತ, ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಿ ಬನ್ನಿ. ನಿಮಗೆ ಹತ್ತಿರವೇ.

ಹಾನಗಲ್ಲ ಪೆಟ್ಟಿಗೆ | ಮಾರ್ಚ್ 8

ಅಕ್ಕಾರ, ಪುಸ್ತಕದಲ್ಲಿ ನೀವು ಹೇಳಿದ್ದೇ ಸರಿ. ಆದರೆ ಇವನು ಇನ್ನೂ ರಾಣಿ ಹಿಡಿದೇ ಇಲ್ಲ. ಹೊಸಬ ಐದು ರಾಣಿ ಹಿಡಿಯಲು ಹೋದರೆ ಒಂದನ್ನಾದರೂ ಬೆರಳ ನಡುವೆ ಹಿಸುಕುತ್ತಾನೆ. ನಾನು ಮೊದಲ ವರ್ಷ ಮೂರು ಹಿಸುಕಿದ್ದೆ. ಎರಡರಲ್ಲಿ ಕಲಿಯಲಿ. ಉಳಿದ ಮೂರನ್ನು ಹದಿನೈದು ದಿನಕ್ಕೊಮ್ಮೆ ಎಣಿಸಲಿ, 300 ಹುಳಕ್ಕೆ ಒಂಬತ್ತು ದಾಟಿದ ದಿನ ಅದಕ್ಕೂ ಪಂಜರ.

ಎರಿಹೊಲ | ಮಾರ್ಚ್ 11

ಇಬ್ಬರದ್ದೂ ಓದಿ ಎರಡು ರಾತ್ರಿ ನಿದ್ದೆ ಕೆಟ್ಟೆ. ಕೊನೆಗೆ 3 ಮತ್ತು 4ಕ್ಕೆ ಮಾತ್ರ ಮಾಡಿದೆ. ನಿನ್ನೆ ಬೆಳಿಗ್ಗೆ ಏಳಕ್ಕೆ ರಾಣಿ ಹಿಡಿದೆ. ಮೂರನೆಯದರಲ್ಲಿ ಹತ್ತು ನಿಮಿಷಕ್ಕೆ ಸಿಕ್ಕಳು, ಹೊಸ ಮೊಟ್ಟೆ ಇದ್ದ ಎರಿಯಲ್ಲೇ. ನಾಲ್ಕನೆಯದಕ್ಕೆ ಮುಕ್ಕಾಲು ತಾಸು. ಕೈ ಎಷ್ಟು ನಡುಗಿತು ಅಂದರೆ ಪಂಜರದ ಬಾಗಿಲು ನನ್ನ ತಮ್ಮ ಮುಚ್ಚಬೇಕಾಯಿತು. ಹಿಸುಕಲಿಲ್ಲ ಅಣ್ಣಾ. ಎರಡೂ ಜೀವಂತ.

ಬಾಗಿಲು ತಿರುಗಿಸಿದೆ. ಮೂರನೆಯದಕ್ಕೆ ಎತ್ತಿನ ಕೋಡಿಗೆ ಹಚ್ಚಿ ಉಳಿದಿದ್ದ ಕೆಂಪು ಬಣ್ಣ ಬಳಿದೆ. ಮಧ್ಯಾಹ್ನ ಮೇಲೆ ಒದ್ದೆ ಗೋಣಿ ಹಾಕುತ್ತಿದ್ದೇನೆ.

ಎರಿಹೊಲ | ಏಪ್ರಿಲ್ 5

ಮೊನ್ನೆ 24 ದಿನ ಆಯಿತು. ಪಾಕ ಸುರಿದೆ. ಅಕ್ಕಸಾಲಿಗರು ಮೂರೂವರೆ ಗ್ರಾಂ ತೂಗಿ ಪೊಟ್ಟಣ ಕಟ್ಟಿ ಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ತುಪ್ಪ ಬಂದಾಗ ಒಂದು ಬಾಟಲಿ ಕೊಡು ಅಂದರು.

ಮೂರನೇ ಪೆಟ್ಟಿಗೆ ತಳದಲ್ಲಿ ಕೊಬ್ಬರಿ ಎಣ್ಣೆ ಸವರಿದ ಬಿಳಿ ರಟ್ಟು ಇಟ್ಟಿದ್ದೆ. ಎರಡು ದಿನಕ್ಕೆ 212 ನುಸಿ. ನಾನು ಎಣಿಸಿದೆ, ತಮ್ಮ ಮತ್ತೆ ಎಣಿಸಿದ, ಅವನಿಗೆ 219. ರಾಣಿ ಬಿಟ್ಟ ಮೇಲೆ ಎರಿ ಮೇಲೆ ಒಂದು ಸುತ್ತು ಹೊಡೆದು ನೇರ ಖಾಲಿ ಕೋಣೆಗೆ ತಲೆ ಹಾಕಿದಳು.

ನಾಲ್ಕನೆಯದರಲ್ಲಿ ಎಡವಟ್ಟು. ಪಂಜರದಲ್ಲಿ ರಾಣಿ ಸತ್ತಿದ್ದಳು. ಆದರೆ ಒಂದು ಸಪೂರ ಹೊಸ ರಾಣಿ ಎರಿ ಮೇಲೆ ಓಡಾಡುತ್ತಿದ್ದಳು, ಒಂದು ಎರಿಯಲ್ಲಿ ತುಸು ಮೊಟ್ಟೆಯೂ ಇದ್ದವು. ಆರನೇ ದಿನ ನಾನು ಮೂರು ರಾಣಿ ಕೋಣೆ ಕಿತ್ತಿದ್ದೆ. ಎರಿಯ ಕೆಳ ಮೂಲೆಯಲ್ಲಿ ನಾಲ್ಕನೆಯದು ಇತ್ತು, ಕಂಡಿರಲಿಲ್ಲ. ಇದಕ್ಕೆ ಅಳಬೇಕೋ ನಗಬೇಕೋ?

ಕೀಟಪುರಾಣ | ಏಪ್ರಿಲ್ 5

ನಗಿ. ಹೊಸ ರಾಣಿ ಕೂಡಿ ಬಂದು ಮೊಟ್ಟೆ ಇಟ್ಟಿದ್ದಾಳೆ ಅಂದರೆ ನಿಮಗೆ ಪುಕ್ಕಟೆ ಎಳೇ ರಾಣಿ ಸಿಕ್ಕಳು. ಮುಚ್ಚಿದ ಮರಿ ಇರಲಿಲ್ಲ ತಾನೇ? ಹಾಗಾದರೆ ಪಾಕವೂ ವ್ಯರ್ಥ ಆಗಿಲ್ಲ. ಆ ಮೊಟ್ಟೆ ಎರಡು ವಾರ ಬಿಟ್ಟು ನೋಡಿ. ಮುಚ್ಚಿದ ಮೇಲೆ ಮುಚ್ಚಳ ಚಪ್ಪಟೆ ಇದ್ದರೆ ಕೆಲಸದ ಮರಿ, ಸರಿ. ಎಲ್ಲ ಉಬ್ಬಿದ್ದರೆ ಬರೀ ಗಂಡು, ಆಗ ಆ ರಾಣಿ ಸರಿಯಾಗಿ ಕೂಡಿ ಬಂದಿಲ್ಲ ಅಂತ ಅರ್ಥ.

1, 2, 5ರ ಲೆಕ್ಕ ಹೇಳಲೇ ಇಲ್ಲ.

ಎರಿಹೊಲ | ಏಪ್ರಿಲ್ 28

ಅಕ್ಕಾ, ಮುಚ್ಚಳ ಚಪ್ಪಟೆ. ಇವತ್ತು ಐದೂ ಎಣಿಸಿದೆ. ಮೂರನೆಯದು 2. ನಾಲ್ಕನೆಯದು 1, ಎರಿ ತಟ್ಟಿದಾಗ ಓಡುವುದು ಒಂದೂ ಇಲ್ಲ. ಒಂದನೆಯದು 4, ಎರಡನೆಯದು 8. ಐದನೆಯದು 13. ನೀವು ಹೇಳಿದ್ದೇ ಆಯಿತು. ನಾಳೆ ಐದರ ರಾಣಿ ಹಿಡಿಯುತ್ತೇನೆ.

ಮೂರನೇ ಪೆಟ್ಟಿಗೆ ಹುಳ ನಾಲ್ಕು ಎರಿಗೆ ಇಳಿದಿದೆ, ದಿನಾ ಸಂಜೆ ಬರೀ ಸಕ್ಕರೆ ಪಾಕ ಕೊಡುತ್ತಿದ್ದೇನೆ. ಬಾಗಿಲ ಮುಂದೆ ತೆವಳುವ ಹುಳ ಎಂಟು ದಿನದಿಂದ ಕಂಡಿಲ್ಲ. ಕೋಳಿಗಳು ಬೆಳಿಗ್ಗೆ ಬಂದು ನೋಡಿ ಹಾಗೇ ಹೋಗುತ್ತವೆ.

ಒಂದು ಪ್ರಶ್ನೆ ಉಳಿದಿದೆ. ಮುಂಗಾರಿ ಶುರುವಾದರೆ ಸಕ್ಕರೆ ಪುಡಿ ಗಂಟು ಕಟ್ಟುತ್ತದಂತೆ. ಆಗ ಎಣಿಸುವುದು ಹೇಗೆ? ಮತ್ತೆ ಅವ್ವ ದಿನಾ ಕೇಳುತ್ತಾಳೆ, ನನ್ನ ಸಾಣಿಗೆ ಎಲ್ಲಿ ಅಂತ. ಕತ್ತರಿಸಿದ್ದು ಇನ್ನೂ ಹೇಳಿಲ್ಲ.

ಹಾನಗಲ್ಲ ಪೆಟ್ಟಿಗೆ | ಏಪ್ರಿಲ್ 28

ಸಕ್ಕರೆ ಅವತ್ತೇ ಪುಡಿ ಮಾಡಿ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಒಯ್ಯಿ. ಮಳೆ ಬಿಟ್ಟ ದಿನ, ಬಿಸಿಲು ಬಿದ್ದು ಎರಡು ತಾಸು ಆದ ಮೇಲೆ ಎಣಿಸು. ಹುಳದ ಮೈ ಒದ್ದೆ ಇದ್ದರೆ ಲೆಕ್ಕ ಸುಳ್ಳು ಬರುತ್ತದೆ. ಐದರ ರಾಣಿ ಹಿಡಿದ ಮೇಲೆ ಆರನೇ ದಿನ ಎರಿಯ ಕೆಳ ಮೂಲೆ ನೋಡುವುದು ಮರೆಯಬೇಡ.

ಎರಡನೆಯದು 8 ಅಂದೆ, ಅದನ್ನು ಹತ್ತು ದಿನಕ್ಕೇ ಮತ್ತೆ ಎಣಿಸು. ಅಕ್ಕಾರ ಗೆದ್ದರು, ಒಪ್ಪಿದೆ.

ಮುಂದಿನ ಸಂತೆಯಲ್ಲಿ ಅವ್ವಗೆ ಹೊಸ ಸಾಣಿಗೆ ತಂದು ಕೈಗೆ ಕೊಟ್ಟು, ಆಮೇಲೆ ಹಳೆಯದರ ವಿಷಯ ಹೇಳು.